ಒಳ್ಳೆಯ ಜಾಗ ಬರುವ ತನಕ

ಮಣಿಪಾಲ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಮೊಣಕಾಲು ಈಗಲೂ ಹವಾಮಾನ ವರದಿ ಕೊಡುತ್ತಿದೆಯೋ, ಅಥವಾ ಮಳೆಗಾಲ ಮುಗಿದದ್ದರಿಂದ ಅದಕ್ಕೂ ರಜೆಯೋ? ಭಾವ ಸಕ್ಕರೆ ಬಿಟ್ಟರು ಎಂದು ಕೇಳಿದೆ. ಸಕ್ಕರೆ ಭಾವನನ್ನು ಬಿಟ್ಟಿದೆಯೇ ಎಂಬುದು ಮುಖ್ಯ, ಅದನ್ನು ತಿಳಿಸು. ಅನ್ವಿತಾ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬಹುಮಾನ ತಂದು, ನಿನ್ನೊಡನೆ ಜಗಳಕ್ಕೆ ಮಾತ್ರ ತುಳು ಬಳಸುತ್ತಾಳೆ ಎಂದು ತಿಳಿದು ಸಂತೋಷವಾಯಿತು. ಮಾತೃಭಾಷೆ ಇರುವುದೇ ಮಾತೆಯ ಮೇಲೆ ಪ್ರಯೋಗಿಸಲಿಕ್ಕೆ. ಇಲ್ಲಿ ನಾವು ಮೂವರೂ ಸೌಖ್ಯ. ನನ್ನ ಹೆಂಡತಿ ಎಂಬ ಕಷ್ಟದ ಹುದ್ದೆಯಲ್ಲಿರುವ ಶರ್ವಾಣಿ ನಿನ್ನನ್ನು ಕೇಳಿದ್ದಾಳೆ. ನಾನು ದಿನಾ ಬಸ್ಸು ಹಿಡಿದು ಕಾಪುವಿಗೆ ಹೋಗಿ, ಕಾಲೇಜಿನಲ್ಲಿ ಕಾಪಿ ಹೊಡೆಯುವವರಿಂದ ಕನ್ನಡವನ್ನು ಕಾಪಾಡಿ, ಸಂಜೆ ಮನೆಗೆ ಬಂದು ಕಾಪಿ ಕುಡಿಯುತ್ತೇನೆ. ಅಪ್ಪಯ್ಯನ ವಿಷಯ ಆಮೇಲೆ. ಇಲ್ಲ, ದಾಟಿ ಹೋಗಬೇಡ. ಈ ಸಲ ಅದೇ ವಿಷಯ.

ವಾಟ್ಸಪ್ ಇರುವಾಗ ಪತ್ರ ಎಂತಕ್ಕೆ ಎಂದು ಕೇಳುತ್ತೀಯ. ಅಲ್ಲಿ ನಾನು ಎಷ್ಟು ಉದ್ದ ಬರೆದರೂ ನೀನು ಒಂದು ಹೆಬ್ಬೆರಳು ತೋರಿಸಿ ಮುಗಿಸುತ್ತೀಯ. ಇಷ್ಟು ಹೆಬ್ಬೆರಳು ಒತ್ತಿದವರನ್ನು ಸರ್ಕಾರ ಅನಕ್ಷರಸ್ಥರ ಲೆಕ್ಕಕ್ಕೆ ಸೇರಿಸುತ್ತದೆ, ಜಾಗ್ರತೆ. ಅದಕ್ಕೇ ನಮ್ಮ ಕೆಳಗಿನ ಮಹಡಿಯ ಕಾರ್ಲ್ಟನ್ ಕಂಪನಿ ಕೆಲಸಕ್ಕೆ ಮುಂಬಯಿಗೆ ಹೊರಟಿರುವಾಗ ಅವನ ಕೈಗೇ ಇದನ್ನು ಕೊಡುತ್ತಿದ್ದೇನೆ. ಅವನ ಊರು ಶಂಕರಪುರ. ಅವನ ಅಮ್ಮ ಆನಿಬಾಯಿ ಅಂಗಳದ ಮಲ್ಲಿಗೆ ಕಟ್ಟಿ ಬಾಳೆಲೆಯಲ್ಲಿ ಸುತ್ತಿ ಕೊಟ್ಟಿದ್ದಾರೆ. ಫ್ರಿಜ್ಜಿಗೆ ಮುಡಿಸದೆ ನೀನು ಮುಡಿ. ನೀನು ಕೊನೆಯ ಸಾಲಿನವರೆಗೆ ಓದಿ ಮುಗಿಸುವ ತನಕ ಸೋಫಾದಿಂದ ಏಳಬಾರದೆಂದು ಅವನಿಗೆ ತಾಕೀತು ಮಾಡಿದ್ದೇನೆ. ಆದ್ದರಿಂದ ಅವನಿಗೊಂದು ಕಾಫಿ ಕೊಟ್ಟು, ಸಮಾಧಾನದಲ್ಲಿ ಓದು.

ಅಕ್ಟೋಬರ್ ಮೊದಲ ವಾರ ಅಪ್ಪಯ್ಯನ ಕಣ್ಣಿನ ಪೊರೆ ತೆಗೆಸಿದ್ದು ನಿನಗೆ ಗೊತ್ತುಂಟು. ‘ಇಷ್ಟು ವರ್ಷ ನನ್ನನ್ನು ಪೊರೆದದ್ದೇ ಈ ಪೊರೆ’ ಎಂದು ಅವರು ಆಪರೇಷನ್ ಟೇಬಲಿನ ಮೇಲೆ ಮಲಗಿಕೊಂಡೇ ಹೇಳಿದರಂತೆ. ಡಾಕ್ಟರು ಕೇರಳದವರು, ಅರ್ಥವಾಗದೆ ನಕ್ಕರು. ಅರ್ಥವಾಗದೆಯೂ ನಗುವವರು ಸಿಕ್ಕಿದರೆ ಅಪ್ಪಯ್ಯನಿಗೆ ಅದಕ್ಕಿಂತ ದೊಡ್ಡ ಸಭೆ ಬೇಡ. (ನನಗೂ ಬೇಡ. ಇದು ರಕ್ತದಲ್ಲಿ ಬಂದದ್ದು, ಪರೀಕ್ಷೆ ಮಾಡಿಸಿದರೆ ಸಕ್ಕರೆಯ ಪಕ್ಕದಲ್ಲೇ ಕಾಣಬಹುದು.) ಕೆಲವು ವಾರ ಓದಬಾರದು, ಟಿವಿ ನೋಡಬಾರದು, ತಲೆ ತಗ್ಗಿಸಬಾರದು ಎಂದು ಅವರಿಗೆ ಆಜ್ಞೆಯಾಯಿತು. ತಲೆ ತಗ್ಗಿಸುವ ಅಭ್ಯಾಸ ಅವರಿಗೆ ಮೊದಲೂ ಇರಲಿಲ್ಲ ಎಂದು ನೀನು ಥಾಣೆಯಲ್ಲಿ ಗೊಣಗಿದ್ದು ನನಗೆ ಇಲ್ಲಿಗೇ ಕೇಳಿಸಿತು.

ಅದೇ ಸಮಯಕ್ಕೆ ನನ್ನ ಕೈಗೊಂದು ಕಾದಂಬರಿ ಬಂತು. ಕೊಟ್ಟವರು ನಮ್ಮ ಕಾಲೇಜಿನ ವಾಣಿಜ್ಯ ವಿಭಾಗದ ಜೆನಿಫರ್ ಮೇಡಂ. ‘ಸರ್, ನೀವು ಎಲ್ಲದಕ್ಕೂ ಜೋಕ್ ಮಾಡ್ತೀರಲ್ವಾ, ಇದನ್ನು ಓದಿ ಒಂದು ಜೋಕ್ ಮಾಡಿ ನೋಡುವ’ ಎಂದು ಸವಾಲು ಹಾಕಿ ಮೇಜಿನ ಮೇಲಿಟ್ಟರು. ನಾನು ಸ್ಟಾಫ್ ರೂಮಿನಲ್ಲಿ ನಾಲ್ಕು ಪುಟ ತಿರುವಿದೆ, ಆಮೇಲೆ ಗಂಟೆ ಹೊಡೆದದ್ದು ಕೇಳಿಸಲಿಲ್ಲ. ನನ್ನ ತರಗತಿಯ ಮಕ್ಕಳು ಬಾಗಿಲಲ್ಲಿ ಬಂದು ನಿಂತು, ಸರ್ ಅಳುತ್ತಿದ್ದಾರೆಂದು ಕಂಡು, ರಜೆ ಘೋಷಿಸಿಕೊಂಡು ಕಡಲ ಕಡೆಗೆ ಹೋದರು. ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೆ ನೀನು ಇವತ್ತೇ ತರಿಸಿ, ಹಳೆಯ ಕ್ರಮದಂತೆ ಕೊನೆಯ ಪುಟ ಮೊದಲು ಓದುತ್ತೀಯ.

ಕಥೆ ದೊಡ್ಡದೇನಲ್ಲ. ಗಿರಿಜೆ ಎಂಬ ಹುಡುಗಿಗೆ ಹುಟ್ಟಿನಿಂದ ಒಂದು ಕಾಲು ತುಸು ಗಿಡ್ಡ. ಅಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಪೇಟೆಯಲ್ಲೆಲ್ಲ ಅವನಷ್ಟು ಒಳ್ಳೆಯವನಿಲ್ಲ, ಅವನಷ್ಟು ನಗಿಸುವವನೂ ಇಲ್ಲ. ಮಗಳು ಬುತ್ತಿ ತೆಗೆದುಕೊಂಡು ಬರುವಾಗ ಅವನು ಅವಳ ಹಿಂದೆ ಅವಳ ಹಾಗೆಯೇ ಕುಂಟಿ ತೋರಿಸುತ್ತಾನೆ. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಪ್ಪ ಖುಷಿಯಲ್ಲಿದ್ದಾನೆಂದು ಗಿರಿಜೆಯೂ ನಗುತ್ತಾಳೆ, ಆಮೇಲೆ ಹಳೆಯ ಟಯರುಗಳ ರಾಶಿಯ ಹಿಂದೆ ಹೋಗಿ ಕೂರುತ್ತಾಳೆ. ಅಷ್ಟೇ. ಹೊಡೆತವಿಲ್ಲ, ಬಡಿತವಿಲ್ಲ. ದೊಡ್ಡವಳಾಗಿ ಆಫೀಸಿಗೆ ಸೇರಿದ ಮೇಲೆ ಅವಳು ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಿಡಿಯುತ್ತಾಳೆ, ಎಲ್ಲರೂ ಹೋದ ಮೇಲೆ ಏಳುತ್ತಾಳೆ. ಮ್ಯಾನೇಜರು ಅವಳಿಗೆ ಶ್ರದ್ಧೆಯ ಉದ್ಯೋಗಿ ಎಂದು ಸನ್ಮಾನ ಮಾಡುತ್ತಾರೆ. ವೇದಿಕೆಗೆ ನಡೆದು ಬರಬೇಕಲ್ಲ ಎಂದು ಆ ದಿನವೇ ಅವಳು ರಜೆ. ಅಕ್ಕಾ, ಇಲ್ಲಿ ನನಗೆ ಜೋಕ್ ಹುಟ್ಟಲಿಲ್ಲ. ಕೆಟ್ಟ ಅಪ್ಪನಾಗಿದ್ದರೆ ಸುಲಭವಿತ್ತು, ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು. ಒಳ್ಳೆಯ ಅಪ್ಪ ನಗುತ್ತಾ ನೋಯಿಸಿದರೆ ಮಗು ಆ ಸಿಟ್ಟನ್ನು ಎಲ್ಲಿ ಇಡಬೇಕು? ತನ್ನ ಕಾಲಿನ ಮೇಲೆಯೇ ಇಟ್ಟುಕೊಳ್ಳುತ್ತದೆ. ಬರೆದವರು ಇದನ್ನು ಎಲ್ಲಿಯೂ ಹೇಳಿಲ್ಲ. ಹೇಳಿದ್ದರೆ ನಾನು ಅಡಿಗೆರೆ ಎಳೆದು ಪರೀಕ್ಷೆಗೆ ಪ್ರಶ್ನೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ಇಂಥ ಪುಸ್ತಕವನ್ನು ಅಪ್ಪಯ್ಯನಿಗೆ ಓದಿ ಹೇಳುವ ಆಲೋಚನೆ ನನ್ನದಲ್ಲ, ಶರ್ವಾಣಿಯದು. ‘ಮಾವ ಬೆಳಗ್ಗಿನಿಂದ ಫ್ಯಾನಿನ ಮೇಲೆ ಟೀಕೆ ಮಾಡ್ತಾ ಕೂತಿದ್ದಾರೆ, ಎಂತಾದ್ರೂ ಓದಿ ಮಾರಾಯ್ರೆ’ ಎಂದಳು. ಓದತೊಡಗಿದೆ. ನಿನಗೆ ಹೇಳಬೇಕೇ, ಪುರಾಣ ವಾಚನಕ್ಕೆ ಜೀವಮಾನವಿಡೀ ವ್ಯಾಖ್ಯಾನ ಹೇಳಿದವರು ಸುಮ್ಮನೆ ಕೇಳುವುದುಂಟೇ? ಒಬ್ಬರು ಪದ್ಯ ಓದಬೇಕು, ಇನ್ನೊಬ್ಬರು ಅರ್ಥ ಬಿಡಿಸಬೇಕು: ಅವರ ಕಿವಿಗೆ ಗೊತ್ತಿರುವ ಓದು ಅದೊಂದೇ. ನಾನು ಒಂದು ಪ್ಯಾರಾ ಮುಗಿಸುವಷ್ಟರಲ್ಲಿ ಕೈ ಎತ್ತಿದರು. ‘ಸಜ್ಜನರೇ’ ಎಂದು ಶುರು! ಸಜ್ಜನರು ಎಂದರೆ ನಾನು, ಶರ್ವಾಣಿ ಮತ್ತು ಕುಕ್ಕರು. ಸೈಕಲ್ ಪಂಕ್ಚರಿಗೆ ವೇದಾಂತದ ಅರ್ಥ ಬಂತು, ಟ್ಯೂಬಿನ ಗಾಳಿ ಪ್ರಾಣವಾಯುವಾಯಿತು. ಆದರೆ ಅಪ್ಪ ಕುಂಟಿ ತೋರಿಸುವ ಜಾಗ ಬಂದಾಗ ವ್ಯಾಖ್ಯಾನ ಬೇರೆ ದಾರಿ ಹಿಡಿಯಿತು. ‘ಅವ ತಮಾಷೆಗೆ ಮಾಡಿದ್ದು. ಪ್ರೀತಿ ಇದ್ದಲ್ಲಿಯೇ ತಮಾಷೆ. ಹುಡುಗಿಗೆ ಅಷ್ಟೆಲ್ಲ ಎಂತ ಬೇಜಾರು?’ ಎಂದರು. ನಾನು ಪುಸ್ತಕ ಮುಚ್ಚುವವನಿದ್ದೆ. ನೀನು ಎರಡು ವರ್ಷದಿಂದ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಆ ಒಂದು ವಾಕ್ಯದಲ್ಲಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಶರ್ವಾಣಿ, ಬೆಂಡೆಕಾಯಿ ಕೊಯ್ಯುತ್ತಾ, ತಲೆ ಕೂಡ ಎತ್ತದೆ ಹೇಳಿದಳು: ‘ಮಾವ, ಈಗ ಮಾತಾಡುವುದು ಅಪ್ಪ ಅಲ್ಲ, ಹುಡುಗಿ. ನಿಮ್ಮ ನಿಯಮ ಎಂತ?’ ಅಪ್ಪಯ್ಯನ ನಿಯಮ ನೆನಪುಂಟಲ್ಲ? ಪದ್ಯದಲ್ಲಿ ಯಾರ ಮಾತು ಬರುತ್ತದೋ ವ್ಯಾಖ್ಯಾನಕಾರ ಅವರ ಹೊಟ್ಟೆಯೊಳಗೆ ಕೂತು ಮಾತಾಡಬೇಕು. ರಾಕ್ಷಸನಾದರೆ ರಾಕ್ಷಸನ ಪಕ್ಷ, ಮಲತಾಯಿಯಾದರೆ ಮಲತಾಯಿಯ ಪಕ್ಷ, ನ್ಯಾಯ ಹೇಳುವುದು ಸಭಿಕರ ಕೆಲಸ. ಈ ನಿಯಮಕ್ಕಾಗಿ ಅವರು ಎಷ್ಟು ಜನ ವ್ಯಾಖ್ಯಾನಕಾರರ ಮಾನ ಕಳೆದಿಲ್ಲ! ಈಗ ಸ್ವಂತ ಬಲೆಗೆ ಸ್ವಂತ ಕಾಲು. ‘ಹೌದಾ?’ ಎಂದರು. ‘ಹೌದು’ ಎಂದಳು. ‘ಇನ್ನೊಮ್ಮೆ ಓದು’ ಎಂದರು. ಓದಿದೆ. ಸಜ್ಜನರ ಪೈಕಿ ಕುಕ್ಕರು ಮಾತ್ರ ಕೂಗಿತು.

ಅಲ್ಲಿಂದ ಮುಂದೆ ಅವರು ಹುಡುಗಿಯಾದರು, ಅಕ್ಕಾ. ಬಿಳಿ ಗಡ್ಡ, ಕಪ್ಪು ಕನ್ನಡಕ, ಎಂಟು ವರ್ಷದ ಗಿರಿಜೆ. ‘ಅಪ್ಪ ನನ್ನ ಹಿಂದೆ ಬರ್ತಾ ಇದ್ದಾನೆ. ಎಂತ ಮಾಡ್ತಾ ಇದ್ದಾನೆಂದು ನನಗೆ ಕಾಣುವುದಿಲ್ಲ, ಎದುರಿನವರ ಹಲ್ಲು ಮಾತ್ರ ಕಾಣ್ತದೆ’ ಎಂದು ಅವರು ಹೇಳಿದಾಗ ನಾನು ಪುಸ್ತಕ ನೋಡಿದೆ. ಆ ಸಾಲು ಪುಸ್ತಕದಲ್ಲಿ ಇರಲಿಲ್ಲ.

ಹೀಗೆ ದಿನಕ್ಕೆ ಸ್ವಲ್ಪ ಸ್ವಲ್ಪ ಸಾಗಿ ದೀಪಾವಳಿ ಬಂತು. ಎಣ್ಣೆಸ್ನಾನ ಮುಗಿಸಿ, ಅವಲಕ್ಕಿ ತಿಂದು, ರಜೆಯಲ್ಲವೇ ಎಂದು ಬೆಳಿಗ್ಗೆಯೇ ಓದಲು ಕೂತೆವು. ಒಂದು ಅಧ್ಯಾಯ ಮುಗಿಯಿತು, ಗಿರಿಜೆ ಟಯರುಗಳ ಹಿಂದೆ ಅಳುತ್ತಿದ್ದಾಳೆ. ನಾನು ಗುರುತಿಗೆ ಬಸ್ ಟಿಕೆಟ್ ಇಟ್ಟು ಮುಚ್ಚಿದೆ. ಅಪ್ಪಯ್ಯ ಹೌಹಾರಿದರು. ‘ಮಗು ಅಳ್ತಾ ಇರುವಾಗ ಪುಸ್ತಕ ಮುಚ್ಚುವುದುಂಟಾ? ಯಾವ ಊರಿನ ಕ್ರಮ? ಒಳ್ಳೆಯ ಜಾಗ ಬರುವ ತನಕ ಓದಬೇಕು!’ ಪುರಾಣ ವಾಚನದ ದಿನ ಕಥೆಯಲ್ಲಿ ಯಾರಾದರೂ ದುಃಖದಲ್ಲಿರುವಾಗ ನಿಲ್ಲಿಸಬಾರದು, ಒಂದು ಮದುವೆಯೋ ವರವೋ ಕನಿಷ್ಠ ಒಂದು ಊಟವೋ ಬರುವ ತನಕ ಎಳೆಯಬೇಕು ಎಂಬ ಶಾಸ್ತ್ರವನ್ನು ಕಾದಂಬರಿಗೆ ಹಚ್ಚಿದ ಮೊದಲಿಗರು ನಮ್ಮ ಅಪ್ಪಯ್ಯನೇ ಇರಬೇಕು. ಸರಿ, ಮುಂದೆ ಓದಿದೆ. ಒಳ್ಳೆಯ ಜಾಗ ಬರಲಿಲ್ಲ. ಇನ್ನೊಂದು ಅಧ್ಯಾಯ. ಅಲ್ಲಿ ಶಾಲೆಯ ಮಕ್ಕಳೂ ಕುಂಟಿ ತೋರಿಸತೊಡಗಿದರು. ಊಟದ ಬಟ್ಟಲಿನ ಪಕ್ಕ ಪುಸ್ತಕ ತೆರೆದೇ ಇತ್ತು, ಒಂದು ಪುಟದಲ್ಲಿ ಸಾರಿನ ಕಲೆ ಉಂಟು, ಜೆನಿಫರ್ ಮೇಡಂಗೆ ಇನ್ನೂ ಹೇಳಿಲ್ಲ. ಆಮೇಲೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಶರ್ವಾಣಿ ಓದಿದಳು. ಸಂಜೆ ಹಣತೆ ಹಚ್ಚುವ ಹೊತ್ತಾಯಿತು, ಗಿರಿಜೆಗೆ ಮೂವತ್ತು ವರ್ಷವಾಯಿತು, ಒಳ್ಳೆಯ ಜಾಗ ಬರಲಿಲ್ಲ. ಅಪ್ಪಯ್ಯ ಕೈ ಎತ್ತಿದರು. ಈ ಸಲ ‘ಸಜ್ಜನರೇ’ ಇಲ್ಲ.

ತುಳುವಿನಲ್ಲಿ, ಮೆಲ್ಲಗೆ ಕೇಳಿದರು. ಅವರು ಕನ್ನಡದಲ್ಲಿ ಮಾತಾಡಿದರೆ ಸಭೆಗೆ, ತುಳುವಿಗೆ ಇಳಿದರೆ ಮನೆಗೆ ಎಂಬುದು ನಿನಗೆ ಗೊತ್ತಲ್ಲ. ‘ಪೆರ್ಡೂರಿನಲ್ಲಿ ಅವತ್ತು ನಾನು ಎಲ್ಲಿ ನಿಲ್ಲಿಸಿದ್ದು?’

ನಾನು ಸುಳ್ಳು ಹೇಳಲಿಲ್ಲ. ಅವತ್ತು ಮುಂದಿನ ಸಾಲಿನಲ್ಲಿ ಅಮ್ಮನ ತೊಡೆಯ ಮೇಲೆ ಕೂತಿದ್ದವನು ನಾನೇ. ದೇವಸ್ಥಾನದ ಚಂದ್ರಶಾಲೆಯ ಜಗಲಿ ತುಂಬ ಜನ. ನೀನು ಹಸಿರು ಲಂಗ ಉಟ್ಟು ಮೊದಲ ಸಲ ಸಭೆಯಲ್ಲಿ ಓದುತ್ತಿದ್ದೆ, ಅಪ್ಪಯ್ಯ ಅರ್ಥ ಹೇಳುತ್ತಿದ್ದರು. ಶೀತವಾಗಿ ನಿನ್ನ ಸ್ವರ ಒಡೆಯಿತು, ಅದೇ ಹೊತ್ತಿಗೆ ಹೊರಗೆ ಗದ್ದೆಯಲ್ಲಿ ಒಂದು ಎಮ್ಮೆ ಕೂಗಿತು. ಮೈಕಿನಲ್ಲಿ ಅಪ್ಪಯ್ಯ: ‘ಸಭಿಕರು ಗಾಬರಿಯಾಗಬಾರದು. ಹೊರಗಿನದ್ದು ಎಮ್ಮೆ, ಒಳಗಿನದ್ದು ನನ್ನ ಮಗಳು. ಶ್ರುತಿ ಎಮ್ಮೆಯದ್ದೇ ಸರಿ ಉಂಟು.’ ಜನ ಬಿದ್ದು ಬಿದ್ದು ನಕ್ಕರು. ಆ ನಗು ಇಳಿಯುವ ಮೊದಲೇ ಅವರು ಮಂಗಳ ಹೇಳಿ ಮುಗಿಸಿಬಿಟ್ಟರು, ಪದ್ಯ ಅರ್ಧದಲ್ಲೇ ಉಳಿಯಿತು. ಇದನ್ನೆಲ್ಲ ಹೇಳಿದೆ. ಕುಕ್ಕುಂದೂರಿನ ಶಾಲೆಯಲ್ಲಿ ಮಕ್ಕಳು ನಿನಗೆ ಏನೆಂದು ಹೆಸರಿಟ್ಟರು ಎಂದೂ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಆ ಕಥೆಯನ್ನು ಅವರು ಊರೂರಲ್ಲಿ ಹೇಳಿದರು, ನಿನ್ನ ಮದುವೆಯ ಚಪ್ಪರದಲ್ಲಿ ಹೇಳಿದರು. ಕೊನೆಗೆ ಎರಡು ವರ್ಷದ ಹಿಂದೆ, ನಾವು ಈ ಹೊಸ ಮನೆಗೆ ಬಂದ ಒಕ್ಕಲಿನ ದಿನ, ಅನ್ವಿತಾ ಹಾಡಿ ಮುಗಿಸಿದ ಕೂಡಲೇ ಅವಳ ಎದುರಿಗೇ ಹೇಳಿದರು. ಅವತ್ತೇ ಸಂಜೆ ನೀನು ಗಾಡಿ ಹತ್ತಿದೆ. ಅಲ್ಲಿಂದೀಚೆ ಅಪ್ಪಯ್ಯನ ಬಿಪಿಯನ್ನು ಕೂಡ ನನ್ನ ಮೂಲಕವೇ ವಿಚಾರಿಸುತ್ತೀಯ.

ಅವರು ಒಂದೇ ಪ್ರಶ್ನೆ ಕೇಳಿದರು. ‘ಪೆರ್ಡೂರಿನಲ್ಲಿ ಮಗು ಅತ್ತಿತಾ?’

‘ಇಲ್ಲ ಅಪ್ಪಯ್ಯಾ, ನಕ್ಕಳು’ ಎಂದೆ.

ಅವರು ತಲೆ ತಗ್ಗಿಸಿದರು. ಶರ್ವಾಣಿ ‘ಮಾವ, ತಲೆ ತಗ್ಗಿಸಬಾರದು, ಡಾಕ್ಟ್ರು ಹೇಳಿದ್ದಾರೆ’ ಎಂದಳು. ‘ಇರಲಿ ಮಗಾ, ಸ್ವಲ್ಪ ಹೊತ್ತು’ ಎಂದರು. ಆಮೇಲೆ, ‘ಅತ್ತಿದ್ದರೆ ನನಗೆ ಗೊತ್ತಾಗ್ತಿತ್ತು. ನಕ್ಕದ್ದಕ್ಕೆ ನಾನು ಗೆದ್ದೆ ಅಂತ ತಿಳಿದೆ. ಆ ಮಗುವನ್ನು ಅಲ್ಲಿಯೇ ಬಿಟ್ಟು ಮಂಗಳ ಹಾಡಿದೆನಲ್ಲ’ ಎಂದರು. ಹಣತೆಯ ಎಣ್ಣೆ ಚೆಲ್ಲಿತೆಂದು ನೆಪ ಮಾಡಿ ನಾನು ಬಾಲ್ಕನಿಗೆ ಹೋದೆ. ಎದುರಿನ ಕಟ್ಟಡದವರು ಪಟಾಕಿ ಹೊಡೆಯುತ್ತಿದ್ದರು. ನನ್ನ ಬದುಕಿನಲ್ಲಿ ಪಟಾಕಿಯ ಹೊಗೆಗೆ ಅಷ್ಟು ಕೃತಜ್ಞನಾದದ್ದಿಲ್ಲ. ಕಣ್ಣಿಗೆ ಒಂದು ಕಾರಣ ಸಿಕ್ಕಿತು.

ಕಾದಂಬರಿಯಲ್ಲಿ ಒಳ್ಳೆಯ ಜಾಗ ಬಂತು, ಮರುದಿನ. ಮುದುಕನಾದ ಸೈಕಲ್ ಅಪ್ಪ ಒಂದು ಬೆಳಿಗ್ಗೆ ಮಗಳ ಮನೆಯ ಬಾಗಿಲಲ್ಲಿ ನಿಂತು, ನಿನ್ನ ಸ್ಕೂಟರಿನ ಹಿಂದೆ ಕೂರಬಹುದಾ ಎಂದು ಕೇಳುತ್ತಾನೆ. ಅವಳು ಸ್ಟ್ಯಾಂಡ್ ತೆಗೆಯುತ್ತಾಳೆ. ಇಬ್ಬರೂ ಪೇಟೆಯ ನಡುವೆ, ಆ ಹಳೆಯ ಅಂಗಡಿಯ ಎದುರಿನಿಂದ ಹಾದು ಹೋಗುತ್ತಾರೆ. ಕ್ಷಮಿಸು ಎಂದು ಅಪ್ಪ ಕೇಳುವುದಿಲ್ಲ, ಕ್ಷಮಿಸಿದೆ ಎಂದು ಮಗಳು ಹೇಳುವುದೂ ಇಲ್ಲ. ನನಗೆ ಸ್ವಲ್ಪ ಸಿನಿಮಾ ಅನ್ನಿಸಿತು, ಹಾಗೆಂದು ಕಣ್ಣೊರೆಸಿಕೊಳ್ಳುತ್ತಾ ಟೀಕಿಸಿದೆ. ಅಪ್ಪಯ್ಯ ಮಾತ್ರ ಕಡೆಯ ವ್ಯಾಖ್ಯಾನ ಹೇಳಿದರು, ಬಹಳ ಚಿಕ್ಕದು: ‘ಸ್ಕೂಟರಿನ ಮೇಲೆ ಯಾರೂ ಕುಂಟುವುದಿಲ್ಲ. ಆದರೆ ಅವ ಅಲ್ಲಿಯ ತನಕ ನಡೆದುಕೊಂಡು ಬಂದನಲ್ಲ, ಅದು ದೊಡ್ಡದು.’

ಇದೆಲ್ಲ ಪುಸ್ತಕದ ಅಮಲು, ಎರಡು ದಿನದಲ್ಲಿ ಇಳಿಯುತ್ತದೆ ಎಂದು ನೀನು ಅಂದುಕೊಳ್ಳಬಹುದು. ನಾನೂ ಅಂದುಕೊಂಡಿದ್ದೆ. ಕಳೆದ ವಾರ ಉಡುಪಿಯಲ್ಲಿ ರಘುವೀರಣ್ಣನ ಮಗನ ಉಪನಯನ. ಊಟದ ಪಂಕ್ತಿಯಲ್ಲಿ ಅವರೇ ಅಪ್ಪಯ್ಯನನ್ನು ಕೂಗಿದರು, ‘ರಾಮದಾಸ ಮಾವ, ಆ ಎಮ್ಮೆ ಕಥೆ ಒಮ್ಮೆ ಹೇಳಿ ಮಾರಾಯ್ರೆ, ಪಾಯಸ ಬರುವ ತನಕ!’ ಪಂಕ್ತಿಗೆ ಪಂಕ್ತಿಯೇ ಇತ್ತ ತಿರುಗಿತು. ಅಂಥ ಸಭೆ, ಅಂಥ ಆಹ್ವಾನ. ನಾನು ಎಲೆಯ ಮೇಲಿನ ಉಪ್ಪಿನಕಾಯಿ ನೋಡುತ್ತಾ ಕೂತೆ. ಅಪ್ಪಯ್ಯ ಹೇಳಿದರು: ‘ಆ ಕಥೆ ನನ್ನದಲ್ಲ ರಘು. ಅದರ ಯಜಮಾನಿ ಥಾಣೆಯಲ್ಲಿದ್ದಾಳೆ. ಅವಳಿಗೆ ಮನಸ್ಸಿದ್ದರೆ ಅವಳು ಹೇಳ್ತಾಳೆ. ನೀನು ಪಾಯಸ ಕರೆ.’ ಅಕ್ಕಾ, ನನ್ನ ಎದೆಯ ಮೇಲೆ ಕೂತಿದ್ದ ಯಾವುದೋ ಒಂದು ಎದ್ದು ಹೋಯಿತು. ಎಮ್ಮೆಯೇ ಇರಬೇಕು. ಪಾಯಸ ಎರಡು ಸಲ ಹಾಕಿಸಿಕೊಂಡೆ.

ನೀನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನೋವು ನಿನ್ನದು, ಅದರ ಕಾಲಮಾನವೂ ನಿನ್ನದೇ. ಬಡ್ತಿಗೆ ಅರ್ಜಿ ಬರೆದಂತೆ ಮನಸ್ಸಿಗೆ ಬರೆದು ಕ್ಷಮೆಯನ್ನು ಮಂಜೂರು ಮಾಡಿಸಲು ಬರುವುದಿಲ್ಲ ಎಂಬಷ್ಟನ್ನು ಆ ಕಾದಂಬರಿ ನನಗೂ ಕಲಿಸಿತು. ನಮ್ಮ ಅಪ್ಪಯ್ಯನಿಗೆ ಈಗ ಕಾಣುತ್ತದೆ ಎಂದು ಮಾತ್ರ ನಿನಗೆ ತಿಳಿಸಬೇಕೆನ್ನಿಸಿತು. ಕಣ್ಣಿನ ಡಾಕ್ಟರಿಗೂ ಅದರಲ್ಲಿ ಸ್ವಲ್ಪ ಪಾಲು ಕೊಡೋಣ.

ಭಾವನಿಗೆ ನಮಸ್ಕಾರ, ಅನ್ವಿತಾಳಿಗೆ ಮಾವನ ಮುದ್ದು. ಅವಳ ಹಾಡು ರೆಕಾರ್ಡ್ ಮಾಡಿ ಕಳಿಸು, ಹೆಬ್ಬೆರಳು ಬೇಡ. ಕೃಷ್ಣಮಠದ ಪ್ರಸಾದ ಕಾರ್ಲ್ಟನ್ ಕೈಯಲ್ಲಿದೆ. ಅವನು ಅದನ್ನು ಮಲ್ಲಿಗೆಗಿಂತ ಜೋಪಾನವಾಗಿ ತರುತ್ತಾನೆ. ನಿನ್ನ ಆಶೀರ್ವಾದ ಬೇಡುವ,

ಪ್ರೀತಿಯ ತಮ್ಮ,
ಗುರುಪ್ರಸಾದ್

ತಾ.ಕ.: ಗಾಡಿಗೆ ಹೊತ್ತಾಯಿತು, ಕಾರ್ಲ್ಟನ್ ಕೆಳಗಿನಿಂದ ಹಾರ್ನ್ ಹೊಡೆಯುತ್ತಿದ್ದಾನೆ. ಮುಖ್ಯ ವಿಷಯವೇ ಉಳಿಯಿತು. ಅವನು ಒಬ್ಬನೇ ಬಂದಿಲ್ಲ. ನೀನು ಇದನ್ನು ಓದುವ ಈ ಹೊತ್ತಿಗೆ ಅಪ್ಪಯ್ಯ ನಿಮ್ಮ ಕಟ್ಟಡದ ಗೇಟಿನ ಹತ್ತಿರ, ವಾಚ್‌ಮನ್ನನ ಕುರ್ಚಿಯಲ್ಲಿ ಕೂತಿರುತ್ತಾರೆ. ಫೋನಿನಲ್ಲಾದರೆ ನಾಲಿಗೆ ಮತ್ತೆ ತಮಾಷೆಗೆ ಜಾರುತ್ತದೆ, ಮುಖ ತೋರಿಸಿಯೇ ಹೇಳಬೇಕು ಎಂದರು. ನೀನಾಗಿ ಕರೆಯದೆ ಮೇಲೆ ಬರುವುದಿಲ್ಲ. ಬೇಡವೆನ್ನಿಸಿದರೆ ಕಾರ್ಲ್ಟನ್‌ಗೆ ಹೇಳು. ಮಧ್ಯಾಹ್ನದ ಗಾಡಿಗೆ ವಾಪಸು ಟಿಕೆಟನ್ನೂ ಮಾಡಿಸಿಕೊಂಡೇ ಹೊರಟಿದ್ದಾರೆ, ಒಂದಿಷ್ಟೂ ಬೇಜಾರಿಲ್ಲವಂತೆ. (ಸುಳ್ಳು.) ಕೈಯಲ್ಲಿ ಅವತ್ತು ನೀನು ಓದಿದ ಆ ಹಳೆಯ ಪುರಾಣದ ಪುಸ್ತಕ ಉಂಟು, ಪೆರ್ಡೂರಿನಲ್ಲಿ ಅರ್ಧಕ್ಕೆ ನಿಂತ ಪದ್ಯದ ಜಾಗದಲ್ಲಿ ಬೆರಳು ಇಟ್ಟುಕೊಂಡಿದ್ದಾರೆ. ನೀನು ಹಾಡಬೇಕಾಗಿಲ್ಲ. ‘ಈ ಸಲ ಓದುವುದು ನಾನು, ಅರ್ಥ ಹೇಳುವುದು ಅವಳು. ಎಷ್ಟು ಬೇಕಾದರೂ ಹೇಳಲಿ, ನಾನು ನಡುವೆ ಬಾಯಿ ಹಾಕುವುದಿಲ್ಲ’ ಎಂದು ನನ್ನ ತಲೆ ಮುಟ್ಟಿ ಮಾತು ಕೊಟ್ಟಿದ್ದಾರೆ. ಅವರ ಸ್ವರ ಹೇಗೆಂದು ನಿನಗೆ ಗೊತ್ತು. ಎಮ್ಮೆ ಎಷ್ಟೋ ವಾಸಿ. ಬಾಲ್ಕನಿಗೆ ಬಂದು ಒಮ್ಮೆ ಕೆಳಗೆ ನೋಡು. ಹೊಸ ಕನ್ನಡಕ ಬಂದಿದೆ, ಅಲ್ಲಿಂದಲೂ ಅವರಿಗೆ ನಿನ್ನ ಮುಖ ಕಾಣುತ್ತದೆ.